ಹುಳದ ಮೇಡಂ ಸಿಟ್ಟು

ನನ್ನ ಕೆಲಸ ಏನು ಅಂತ ಹೇಳಿದರೆ ಜನ ಹೆದರುತ್ತಾರೆ, ಇಲ್ಲವೇ ನಗುತ್ತಾರೆ. ಎರಡಕ್ಕೂ ನನಗೆ ಸಿಟ್ಟು ಬರುತ್ತದೆ. ಮೈಸೂರಿನ ಲ್ಯಾಬೊಂದರಲ್ಲಿ ನಾನು ಬ್ಯಾಕ್ಟೀರಿಯಾದ ಜೀನುಗಳನ್ನು ತಿದ್ದುತ್ತೇನೆ, ಶುಂಠಿಯ ಕೊಳೆರೋಗವನ್ನು ಅದು ತಡೆದೀತೇ ಅಂತ ನೋಡಲು. ತಿದ್ದಿದ್ದು ಆಚೆ ಹೋಗದಂತೆ ಕಾಯುವುದೂ ನಾನೇ. ಒಮ್ಮೆ ಮಣ್ಣಿಗೆ ಬಿದ್ದರೆ ವಾಪಸು ಹಿಡಿದು ತರಲಾಗುವುದಿಲ್ಲ. ಸಿಟ್ಟಿನ ಪ್ರಸಂಗಗಳೆಲ್ಲ ಹುಟ್ಟುವುದು ಈ ಕಾಯುವ ಕೆಲಸದಿಂದಲೇ.

ನೆಗಡಿ

ಹಬ್ಬಕ್ಕೆ ನಮ್ಮೂರು ಹನಗೋಡಿಗೆ ಹೋಗಿದ್ದೆ. ನಮ್ಮ ಹುಡುಗಿ ಹುಳ ಸಾಕ್ತಾಳೆ ಅಂತ ಅಮ್ಮ ಬೀದಿಗೆಲ್ಲ ಹೇಳಿದ್ದಳು. ಹಬ್ಬ ಮುಗಿಯುವಷ್ಟರಲ್ಲಿ ಬೀದಿಗೆಲ್ಲ ನೆಗಡಿ. ಪಕ್ಕದ ಮನೆ ಅಜ್ಜಿ ಮೂಗು ಒರೆಸಿಕೊಳ್ಳುತ್ತಾ, ಇದು ನಿನ್ನ ಹುಳದ್ದೇ ಅಂತ ಬಂತು. ಅವು ಲ್ಯಾಬು ಬಿಟ್ಟು ಬರುವುದೇ ಇಲ್ಲ, ಮನುಷ್ಯರ ತಂಟೆಗೂ ಹೋಗುವುದಿಲ್ಲ ಅಂತ ಗಂಟಲು ಹರಿದುಕೊಂಡೆ. ಎಲ್ಲ ಕೇಳಿಸಿಕೊಂಡು ಅಜ್ಜಿ, "ಆಯ್ತು ಬುಡವ್ವ, ನೀನೇನು ಬೇಕಂತ ತಂದಿಲ್ಲ. ಓಗೋವಾಗ ಮರೀದೆ ತಕ್ಕೊಂಡೋಗು" ಅಂತು.

ಮೊಸರನ್ನ

ಬ್ಯಾಕ್ಟೀರಿಯಾ ಇಡುವ ಫ್ರಿಜ್ಜಿಗೆ 'ಆಹಾರ ಇಡಬಾರದು' ಅಂತ ಚೀಟಿ ಅಂಟಿಸಿದವರು ನಮ್ಮ ಲ್ಯಾಬಿನ ಮುಖ್ಯಸ್ಥರೇ. ಒಂದು ದಿನ ಬಾಗಿಲು ತೆಗೆದರೆ ಒಳಗೆ ಅವರದೇ ಮೊಸರನ್ನದ ಡಬ್ಬಿ. ಕೇಳಿದ್ದಕ್ಕೆ, ಮೊಸರಿನಲ್ಲಿರೋದೂ ಬ್ಯಾಕ್ಟೀರಿಯಾನೇ ಅಲ್ಲವಾ ಅಂತ ನಕ್ಕರು. ಮೈಯೆಲ್ಲ ಉರಿದುಹೋಯಿತು. ಆ ಫ್ರಿಜ್ಜಿನಲ್ಲಿದ್ದ ಏನನ್ನೇ ಆದರೂ ಬೇಯಿಸಿ ಕೊಂದೇ ಆಚೆ ಕಳಿಸಬೇಕು, ಅದು ನಿಯಮ. ಅದಕ್ಕೇ ಅಂತ ದೊಡ್ಡ ಕುಕ್ಕರಿನಂಥ ಯಂತ್ರವಿದೆ. ಡಬ್ಬಿಯನ್ನು ಅದರೊಳಗೆ ಹಾಕಿದೆ. ಊಟದ ಹೊತ್ತಿಗೆ, ಕರಗಿ ಮುದ್ದೆಯಾದ ಪ್ಲಾಸ್ಟಿಕ್ಕನ್ನು ಅವರ ಮೇಜಿನ ಮೇಲಿಟ್ಟು, "ಈಗ ಧಾರಾಳವಾಗಿ ತಿನ್ನಬಹುದು ಸಾರ್" ಅಂದೆ.

ಸರಗೂರಿನ ಬಾಟಲಿ

ನನಗೆ ಮಣ್ಣಿನ ಸ್ಯಾಂಪಲ್ ಕೊಡುವ ಶುಂಠಿ ಬೆಳೆಗಾರರೊಬ್ಬರು ಸರಗೂರಿನಿಂದ ಫೋನ್ ಮಾಡಿದರು. "ನಿಮ್ ಹುಳ ಇಲ್ಲಿ ಅಂಗಡೀಗೇ ಬಂದೈತಲ್ಲ ಮೇಡಂ. ನಾನೂ ಒಲಕ್ಕೆ ಉಯ್ದೆ."

ಲ್ಯಾಬಿನಿಂದ ಯಾರೋ ಕದ್ದು ಮಾರಿದ್ದಾರೆ ಅಂತಲೇ ಅಂದುಕೊಂಡೆ. ಸಿಕ್ಕಿದ ಬಸ್ಸು ಹತ್ತಿದೆ. ಸೀಟು ಸಿಗಲಿಲ್ಲ, ಸಿಕ್ಕಿದ್ದರೂ ಕೂರುವ ಸ್ಥಿತಿಯಲ್ಲಿರಲಿಲ್ಲ. ಇಳಿದು ಹೋದಾಗ ಬೆಳೆಗಾರರು ಆ ಗೊಬ್ಬರದಂಗಡಿಯಲ್ಲೇ, ನನಗೆ ತೋರಿಸಲು ಇನ್ನೊಂದು ಬಾಟಲಿ ಕೊಂಡು ನಿಂತಿದ್ದರು. ಅದರ ಮೇಲೆ ದಪ್ಪಕ್ಷರದಲ್ಲಿ 'ಜೀನ್ ತಿದ್ದಿದ ಬ್ಯಾಕ್ಟೀರಿಯಾ' ಅಂತಿತ್ತು.

ಅಂಗಡಿಯವನನ್ನು ಎಲ್ಲರೆದುರೇ ತರಾಟೆಗೆ ತೆಗೆದುಕೊಂಡೆ. ಎಲ್ಲಿಂದ ತಂದೆ, ಅನುಮತಿ ಯಾರು ಕೊಟ್ಟರು, ಹೊಳೆಗೆ ಸೇರಿದರೆ ಯಾರು ಹೊಣೆ, ಈಗಲೇ ದೂರು ಕೊಡುತ್ತೇನೆ ಅಂತ ಕೂಗಾಡಿದೆ. ಅವನು ಬೆವೆತುಹೋದ. ಕೊನೆಗೆ ಕೈ ಮುಗಿದು, "ಗಾಬರಿ ಆಗ್ಬೇಡಿ ಮೇಡಂ. ಅದು ಬಣ್ಣ ಹಾಕಿದ ಬೆಲ್ಲದ ನೀರು. ಸೇಫ್ಟಿ ಮುಖ್ಯ ಅಂತ ನಮಗೂ ಗೊತ್ತಿಲ್ವಾ? ಅದಕ್ಕೇ ಒಳಗೆ ಏನೂ ಹಾಕಿಲ್ಲ ಕಣ್ರೀ" ಅಂದ.

ಬೆಳೆಗಾರರು ನಿಧಾನವಾಗಿ ಮುಚ್ಚಳ ತಿರುಗಿಸಿ, ಬಾಟಲಿಯನ್ನು ಅವನ ತಲೆಯ ಮೇಲೆ ಪೂರ್ತಿ ಬಗ್ಗಿಸಿದರು. ಇವ್ರನ್ನ ತಡೀರಿ ಮೇಡಂ, ತಡೀರಿ ಅಂತ ಅವನು ನನ್ನನ್ನು ಬೇಡಿಕೊಂಡ.

ನಾನ್ಯಾಕೆ ತಡೆಯಲಿ? ಆಚೆ ಬಿಡಬಾರದ್ದು ಅದರಲ್ಲಿ ಏನೂ ಇರಲಿಲ್ಲವಲ್ಲ.