ನೂರೆಂಟು ಛತ್ರಿ

“ಕೈ ಚಾಚವಾ ಇಲ್ಲೆ! ಬಲಗೈ! ಅಂಜಬ್ಯಾಡ, ಕಡಿಯೂದಿಲ್ಲ ಅದು!”

ರಾಣೆಬೆನ್ನೂರಿನ ನೀಲಾಂಬಿಕೆ ಹೀಗೆ ಗರ್ಜಿಸಿದಾಗ ಮೂಡುಬಿದಿರೆಯ ಜಿನವಾಣಿ ಮಂಚದ ಮೂಲೆಗೆ ಸರಿದು ಕೂತಳು. ತೈವಾನಿನ ತೈನಾನ್ ನಗರದ ಹಾಸ್ಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ. ವಾಣಿ ಓದಲು ಬಂದದ್ದು ಚೀನೀ ಭಾಷೆ, ನೀಲಾಂಬಿಕೆ ಯಂತ್ರಮಾನವರ ಶಾಸ್ತ್ರ. ಅವಳು ಈವರೆಗೆ ಕಟ್ಟಿದ ಯಂತ್ರಗಳಲ್ಲಿ ಒಂದು ಹಾಸಿಗೆಯನ್ನೇ ಬೇಯಿಸಿತ್ತು, ಇನ್ನೊಂದು ವಾರ್ಡನ್ನರ ಬೆಕ್ಕಿಗೆ ಇಸ್ತ್ರಿ ಹಾಕಲು ಹೋಗಿತ್ತು! ಈಗ ಅವಳು ಹಿಡಿದು ನಿಂತದ್ದು ಒಂದು ಕೈಗವಸು. ಒಳಗೆ ಸೈಕಲ್ಲಿನ ಬ್ರೇಕ್ ತಂತಿ, ಹಳೆ ಪ್ರಿಂಟರಿನ ಮೋಟರು. ಮಣಿಕಟ್ಟಿನ ಮೇಲೆ ಪುಟ್ಟ ಮೈಕು.

“ಮೈಕಿಗೆ ಚೀನೀ ಪದ ಬಿದ್ರ ಸಾಕು, ಗವಸು ನಿನ್ನ ಕೈ ಹಿಡದು ಬರಸ್ತದ. ತಿಂಗಳಾದ ಮ್ಯಾಲ ತಗದು ಒಗಿ, ಕೈ ತಾನ ಬರೀತದ!”

ಕೇಳಿ ಕಲಿಯುವುದರಲ್ಲಿ ವಾಣಿಯನ್ನು ಮೀರಿಸುವವರಿರಲಿಲ್ಲ. ಮನೆಯಲ್ಲಿ ದಿನವೂ ಕಾವ್ಯವಾಚನ ಕೇಳುತ್ತ ಬೆಳೆದವಳು. ಪಾಠ ಒಮ್ಮೆ ಕಿವಿಗೆ ಬಿದ್ದರೆ ಏರಿಳಿತದ ಸಮೇತ ಒಪ್ಪಿಸಿಬಿಡುತ್ತಿದ್ದಳು. ಬರೆ ಎಂದರೆ ಮಾತ್ರ ಕೈ ಕಲ್ಲು. ಉಕ್ತಲೇಖನದ ಪರೀಕ್ಷೆಯಲ್ಲಿ ಎರಡು ಸಲ ಸೋತಾಗಿತ್ತು. ಮೂರನೆಯದರಲ್ಲೂ ಸೋತರೆ ವಿದ್ಯಾರ್ಥಿವೇತನ ರದ್ದು, ಸೀಟೂ ರದ್ದು. ಯಾವುದೋ ಕಾಲದಲ್ಲಿ ನಮ್ಮ ಸೀಮೆಗೆ ನಡೆದು ಬಂದ ಚೀನೀ ಯಾತ್ರಿಕರು ಏನು ಬರೆದಿಟ್ಟರೋ ಅದನ್ನು ಅವರದೇ ಅಕ್ಷರದಲ್ಲಿ ಓದಬೇಕೆಂಬ ಒಂದೇ ಆಸೆಗೆ, ಹೈಸ್ಕೂಲಿನ ಕೆಲಸ ಬಿಟ್ಟು ಬಂದಿದ್ದಳು ಅವಳು.

“ಒಂದು ಪದ ಎಷ್ಟು ಸಲ ಬರೆಸುದು?” ಎಂದಳು ಮೆಲ್ಲಗೆ.

“ನೂರಾಎಂಟು! ನಮ್ಮವ್ವ ಶಿವನಾಮ ನೂರಾಎಂಟು ಸಲ ಬರದ ಮ್ಯಾಲನ ಚಾ ಕುಡಿಯಾಕಿ.”

“ಅದು ಸರಿ. ನಮ್ಮ ಜಪಮಾಲೆಯಲ್ಲೂ ನೂರೆಂಟೇ ಮಣಿ.”

ಹತ್ತು ಸಾಕೆಂದು ಇಬ್ಬರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ!

ವಾಣಿ ಗವಸು ತೊಟ್ಟು, ಚಹಾಕ್ಕೆ ಚೀನೀಯರು ಹೇಳುವ ಪದ ಹೇಳಿದಳು. ಬೆರಳು ಚುರುಕಾದವು. ಆಹಾ, ಎಂಥ ಅಕ್ಷರ! ಮೂವತ್ತನೆಯದಕ್ಕೆ ಹಾಳೆ ಮುಗಿಯಿತು, ಐವತ್ತಕ್ಕೆ ದಿಂಬು. ಉಳಿದದ್ದು ನೀಲಾಂಬಿಕೆಯ ಮೊಣಕೈವರೆಗೆ ಹೋಯಿತು.

“ನಿಲ್ಲಿಸು ಮಾರಾಯ್ತಿ! ಸ್ವಿಚ್ಚು ಎಲ್ಲುಂಟು?”

“ಸ್ವಿಚ್ಚಾ? ಜಪ ನಡುವ ಮುರೀಬಾರ್ದಂತ ನಾ ಇಟ್ಟೇ ಇಲ್ಲ!”

ಮರುದಿನ ಮಧ್ಯಾಹ್ನ ಸಸ್ಯಾಹಾರಿ ಊಟದ ಅಂಗಡಿಯಲ್ಲಿ ಸಾಲು ನಿಂತಿತ್ತು. ಬಡಿಸುವ ಹೆಂಗಸು “ತೋಫು ಬೇಕಾ, ತೋಫು?” ಎಂದು ಕೂಗಿದ್ದೇ ತಡ, ಗವಸು ತೊಟ್ಟಿದ್ದ ವಾಣಿಯ ಬಲಗೈ ಚಾಪ್‌ಸ್ಟಿಕ್ಕನ್ನು ಸೋಯಾ ಸಾಸಿಗೆ ಅದ್ದಿ, ಮುಂದೆ ನಿಂತ ಮುದುಕರ ಬಿಳಿ ಅಂಗಿಯ ಬೆನ್ನ ಮೇಲೆ ಶುರುಮಾಡಿಬಿಟ್ಟಿತು. ತೋಫು, ತೋಫು, ತೋಫು! ಎಡಗೈಯಲ್ಲಿ ಬಲಗೈಯನ್ನು ಜಗ್ಗುತ್ತ, ಬಾಯಲ್ಲಿ ಕ್ಷಮೆ ಕೇಳುತ್ತ, ಅವಳು ಅವರ ಸುತ್ತ ಕೋಲಾಟವಾಡಿದಳು. ಜನ ಊಟ ಬಿಟ್ಟು ಎದ್ದು ನಿಂತರು. ಮುದುಕರು ಅಂಗಿ ಕಳಚಿ, ಕನ್ನಡಕ ಏರಿಸಿ ನೋಡಿದರು.

“ಈ ಸಾಲಿನ ಕೊನೆಯದರಲ್ಲಿ ಒಂದು ಗೆರೆ ಗಿಡ್ಡವಾಯ್ತಲ್ಲಮ್ಮ.”

ವಾಣಿಗೆ ಅಳುವೋ ನಗುವೋ ತಿಳಿಯಲಿಲ್ಲ. ಅಂಗಿ ಒಗೆದುಕೊಟ್ಟು ಬಂದಳು, ಆದರೆ ಗವಸು ಬಿಸಾಡಲಿಲ್ಲ. ಏಕೆಂದರೆ ಅಂದು ಕೋಣೆಯಲ್ಲಿ ಬರಿಗೈಯಲ್ಲಿ ಅದೇ ಪದ ಬರೆದು ನೋಡಿದರೆ ಒಂದು ಚುಕ್ಕೆಯೂ ತಪ್ಪಿರಲಿಲ್ಲ! ಮೂರು ವಾರ ಬಾಗಿಲು ಹಾಕಿಕೊಂಡು ಬರೆದಳು. ಹಾಳೆಗಳು ಕಿಟಕಿಯವರೆಗೆ ಏರಿ ಬೆಳಕು ತಡೆದವು. ಬೆರಳ ಸಂದಿಯ ಚರ್ಮ ಸುಲಿದು ರಕ್ತ ಬಂದರೂ ಬಟ್ಟೆ ಸುತ್ತಿ ಬರೆದಳು.

ಪರೀಕ್ಷೆಯ ಬೆಳಿಗ್ಗೆ ಗವಸು ಕಳಚಿ ಮೇಜಿನ ಮೇಲಿಟ್ಟಳು.

“ಹುಚ್ಚಿ! ಇವತ್ತ ಬೇಕಾದ್ದದು!” ಎಂದಳು ನೀಲಾಂಬಿಕೆ.

“ಕಲಿಯುವಾಗ ಹಾಕಿದ್ದು ಅಭ್ಯಾಸ. ಅಲ್ಲಿ ಹಾಕಿದ್ರೆ ಕಳ್ಳತನ,” ಎಂದು ವಾಣಿ ಕಣ್ಣು ಮುಚ್ಚಿ ಕೈಮುಗಿದು ಹೊರಟಳು.

ಐವತ್ತು ಪದ, ಅರ್ಧ ಗಂಟೆ. ಲಿನ್ ಟೀಚರು ಮೊದಲ ಪದ ಓದಿದರು: ಛತ್ರಿ. ಹಳೇ ಕ್ರಮದ ಆ ಅಕ್ಷರವೇ ಬಿಚ್ಚಿದ ಛತ್ರಿಯಂತಿರುತ್ತದೆ. ಅದರಡಿಯಲ್ಲಿ ನಾಲ್ಕು ಜನ ಒತ್ತಿಕೊಂಡು ನಿಂತಂತೆ ಗೆರೆಗಳು. ವಾಣಿಯ ಬರಿಗೈ ಅದನ್ನು ಮುತ್ತಿನ ಹಾಗೆ ಬರೆಯಿತು. ಅವಳ ಎದೆ ತುಂಬಿಬಂತು.

ಕೈ ಇನ್ನೊಂದು ಬರೆಯಿತು. ಮತ್ತೊಂದು.

ಟೀಚರು ಎರಡನೆಯ ಪದ ಓದಿದರು. ಅದು ವಾಣಿಗೆ ಗೊತ್ತಿತ್ತು. ಮೂರನೆಯದೂ ಗೊತ್ತಿತ್ತು. ಅವಳು ಬಲಗೈಯನ್ನು ಎಡಗೈಯಲ್ಲಿ ಅದುಮಿದಳು, ಮೊಣಕಾಲಿನಡಿ ತುರುಕಿದಳು. ಪೆನ್ನು ಕಿತ್ತೆಸೆದರೆ ಬೆರಳು ಪೆನ್ಸಿಲ್ ಹುಡುಕಿ ತೆಗೆಯಿತು! ಉತ್ತರಪತ್ರಿಕೆ ತುಂಬಿತು, ಡೆಸ್ಕು ತುಂಬಿತು. ಪಕ್ಕದ ವಿಯೆಟ್ನಾಮಿನ ಹುಡುಗಿ ತನ್ನ ಹಾಳೆ ಅಪ್ಪಿಕೊಂಡು ಬೆಂಚಿನ ತುದಿಗೆ ಓಡಿದಳು. ಐವತ್ತನೆಯ ಪದ ಓದಿ ಮುಗಿದು ಹಾಳೆಗಳನ್ನು ಕೂಡಿಸುವಾಗ ಕೈ ತಣ್ಣಗೆ ನಿಂತಿತು. ನೂರೆಂಟು ಛತ್ರಿ. ಅವುಗಳಡಿ ನಾನೂರ ಮೂವತ್ತೆರಡು ಜನ. ಅವಳೊಬ್ಬಳಿಗೆ ಜಾಗವಿರಲಿಲ್ಲ.

“ಟೀಚರ್, ನನಗೆ ಎಲ್ಲ ಬರ್ತದೆ, ಕೇಳಿ,” ಎಂದು ವಾಣಿ ಎದ್ದು ನಿಂತು, ಐವತ್ತೂ ಪದಗಳನ್ನು ಓದಿದ ಕ್ರಮದಲ್ಲೇ, ಯಾವ ಗೆರೆ ಮೊದಲು ಯಾವುದು ಆಮೇಲೆ ಎಂಬುದರ ಸಮೇತ ಒಪ್ಪಿಸಿದಳು. ಲಿನ್ ಟೀಚರು ಕೊನೆಯ ಪದದವರೆಗೂ ಕೇಳಿದರು.

“ಚೆನ್ನಾಗಿದೆ. ಆದರೆ ಇದು ಬರೆಯುವ ಪರೀಕ್ಷೆ, ತಾಯಿ.”

ಐವತ್ತಕ್ಕೆ ಅರ್ಧ ಅಂಕ. ಚೌಕದ ಹೊರಗೆ ಬರೆದದ್ದಕ್ಕೆ ಇನ್ನರ್ಧ ಕಳೆದಿದ್ದರು.

“ಕೈ ಪದಾ ಅಷ್ಟ ಕಲಿಲಿಲ್ಲ, ಎಣಿಕೀನೂ ಕಲ್ತುಬಿಡ್ತು,” ಎಂದಳು ನೀಲಾಂಬಿಕೆ, ಹೊಸದೇನೋ ಕಂಡುಹಿಡಿದವಳ ಹಾಗೆ. “ಇನ್ನೊಂದು ಗವಸು ಮಾಡ್ತೀನಿ, ಕಲ್ತದ್ದು ಮರೆಸೋದು!”

“ಮುಟ್ಟಿದ್ರೆ ನೋಡು!” ವಾಣಿ ಅಷ್ಟು ಜೋರಾಗಿ ಮಾತಾಡಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ವಾರದೊಳಗೆ ಕಚೇರಿಯಿಂದ ಕರೆ ಬಂತು, ನೀಲಾಂಬಿಕೆಯೂ ಜೊತೆಗೆ ಹೋದಳು. ಸೀಟು ಬಿಡುವ ಪತ್ರಕ್ಕೆ ಚೀನೀ ಹೆಸರಿನಲ್ಲಿ ಒಂದು ಸಹಿ ಬೇಕಂತೆ. ವಾಣಿ ಪೆನ್ನು ಹಿಡಿದಳು. ಸಹಿ ಪತ್ರ ದಾಟಿತು, ಗುಮಾಸ್ತ ಹುವಾಂಗರ ಮೇಜು ದಾಟಿತು, ಅವರ ಚಹಾದ ಲೋಟ ಸುತ್ತಿ ಬಂತು. ಎರಡನೆಯ ಪತ್ರ ಕೊಟ್ಟರು. ಅದೂ ಹೋಯಿತು. ಮೂರನೆಯದಕ್ಕೆ ಹುವಾಂಗರು ಬೆವರೊರೆಸಿಕೊಂಡು, ನಿಯಮದ ಪುಸ್ತಕ ತಿರುವಿ, ಡ್ರಾಯರಿನಿಂದ ಕೆಂಪು ಮಸಿಯ ಡಬ್ಬಿ ತೆಗೆದರು.

“ಬರೆಯಲು ಬಾರದವರಿಗೆ ಬೇರೆ ದಾರಿ ಇದೆ. ಇಬ್ಬರು ಸಾಕ್ಷಿ ಬೇಕು. ನಾನೊಬ್ಬ, ಈಕೆ ಒಬ್ಬಳು.”

ಯಾತ್ರಿಕರ ಅಕ್ಷರ ಓದಲು ಬಂದಿದ್ದ ಜಿನವಾಣಿ ಹೆಬ್ಬೆಟ್ಟನ್ನು ಮಸಿಗೆ ಅದ್ದಿ, ಪತ್ರದ ಮೇಲೆ ಒತ್ತಿದಳು. ಒಂದೇ ಒಂದು ಗುರುತು ಬಿತ್ತು, ಚೌಕದ ನಟ್ಟನಡುವೆ. ಬೆರಳು ಅಲ್ಲಿಗೇ ನಿಂತಿತು.

ನೀಲಾಂಬಿಕೆ ಬಗ್ಗಿ ನೋಡಿ, ಸಾಕ್ಷಿ ಸಹಿ ಹಾಕುತ್ತ ಹೇಳಿದಳು: “ಹೆಬ್ಬೆಟ್ಟಿಗೆ ನಾ ಏನೂ ಕಲಿಸಿರ್ಲಿಲ್ಲ ನೋಡು.”