ಪಿಂಗಾಣಿ ತಟ್ಟೆಯ ಅಳಿಯ

ನಮ್ಮ ಅತ್ತೆ ಮಿಸ್ ಐಸಿಲ್ಡಾ (ಈ ಕರಾವಳಿಯಲ್ಲಿ ಮದುವೆಯಾದ ಹಿರಿಯರೂ 'ಮಿಸ್') ಅವರ ಕಣ್ಣಿನಲ್ಲಿ ನಾನು ಅಳಿಯಂದಿರ ಪೈಕಿ ಚಕ್ರವರ್ತಿ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಆಧಾರವಿಲ್ಲದ ನಂಬಿಕೆ ಎನ್ನಬೇಡಿ. ನಾನು ಲಿಮೋನ್ ಬಂದರಿನ ಸುಂಕದ ಕಚೇರಿಯಲ್ಲಿ ಇರುವವನು. ಪುರಾವೆ ನೋಡದೆ ಒಂದು ಪೆಟ್ಟಿಗೆಯನ್ನೂ ಒಳಗೆ ಬಿಟ್ಟವನಲ್ಲ.

ಪುರಾವೆ ಹೀಗಿತ್ತು. ಭಾನುವಾರ ಚರ್ಚು ಮುಗಿಸಿ ಅತ್ತೆಯ ಮನೆಗೆ ಊಟಕ್ಕೆ ಹೋದರೆ ನನಗೆ ಮುಂದಿನ ಕೋಣೆಯಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಸೋಫಾದ ಪಕ್ಕದಲ್ಲಿ, ಕಸೂತಿ ಬಟ್ಟೆ ಹಾಸಿದ ಮೇಜು. ಅದರ ಮೇಲೆ ಚಿನ್ನದ ಅಂಚಿನ ಪಿಂಗಾಣಿ ತಟ್ಟೆ. ತೆಂಗಿನಹಾಲಿನಲ್ಲಿ ಬೆಂದ ಅನ್ನ ಮತ್ತು ಕೆಂಪು ಬೀನ್ಸು, ಕೋಳಿ, ಹುರಿದ ಬಾಳೆಹಣ್ಣು. "ತಗೊಳ್ಳಿ ದೊನ್ ಎವೇಲಿಯೊ, ಸಂಕೋಚ ಮಾಡ್ಕೋಬೇಡಿ" ಎಂದು ಬ್ಯಾಂಕಿನವರಂತೆ ಚೊಕ್ಕ ಸ್ಪ್ಯಾನಿಷ್‌ನಲ್ಲಿ ಉಪಚಾರ. ಹೆಸರಿಗೆ ಅಂಟಿದ ಆ 'ದೊನ್' ಎಂಬ ಗೌರವದ ಬಾಲವನ್ನು (ಮುಂದಿದ್ದರೂ ಅದು ಬಾಲವೇ) ಅವರು ಒಂದು ದಿನವೂ ಮರೆತವರಲ್ಲ.

ಇನ್ನೊಬ್ಬ ಅಳಿಯ ಲೆಸ್ಟರ್. ನನ್ನ ಹೆಂಡತಿಯ ತಂಗಿಯ ಗಂಡ, ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಅವನಿಗೆ ಹಿಂದಿನ ಅಡುಗೆಮನೆಯಲ್ಲಿ, ಲೇಪ ಹೋದ ಎನಾಮಲ್ ತಟ್ಟೆ. ಅಲ್ಲಿಂದ ಅತ್ತೆಯ ಕೂಗು ಮುಂದಿನ ಕೋಣೆಗೂ ಕೇಳುತ್ತಿತ್ತು. ಇಂಗ್ಲಿಷಿನಲ್ಲಿದ್ದರೂ ಬೈಗುಳವೆಂದು ತಿಳಿಯಲು ನಿಘಂಟು ಬೇಕಿರಲಿಲ್ಲ. 'ಪಾಪ, ಬಡಪಾಯಿ' ಎಂದು ನಾನು ಗೋಡೆಯ ಮೇಲಿನ ಮಾವನವರ ಫೋಟೋ ಕಡೆ ನೋಡಿ ತಲೆಯಾಡಿಸುತ್ತಿದ್ದೆ. (ಭಾನುವಾರ ನನ್ನ ಜೊತೆ ಊಟಕ್ಕಿರುತ್ತಿದ್ದವರು ಅವರೊಬ್ಬರೇ. ಚೌಕಟ್ಟಿನೊಳಗಿದ್ದರೂ ಸಜ್ಜನರು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.) ನನ್ನ ಹೆಂಡತಿ ಡೆಲ್ಮಾ ಮಾತ್ರ ನನ್ನನ್ನು ಕೂರಿಸಿ, "ಬಂದೆ ಇರು" ಎಂದು ಅಡುಗೆಮನೆಗೆ ಹೋದವಳು ಕಾಫಿಯ ಹೊತ್ತಿಗೆ ಬರುತ್ತಿದ್ದಳು. ಅಲ್ಲಿಂದ ನಗು ಅಲೆಯಲೆಯಾಗಿ ಬಂದು ಬಾಗಿಲಿಗೆ ಬಡಿಯುತ್ತಿತ್ತು.

ಒಂದು ಭಾನುವಾರ ಮನೆಗೆ ಹಿಂದಿರುಗುವಾಗ ನನ್ನೊಳಗಿನ ಔದಾರ್ಯ ಉಕ್ಕಿತು.

"ಡೆಲ್ಮಾ, ನಿಮ್ಮಮ್ಮನಿಗೆ ಹೇಳು. ಲೆಸ್ಟರಿಗೂ ಒಂದ್ಸಲ ಪಿಂಗಾಣಿ ತಟ್ಟೆ ಕೊಡ್ಲಿ. ನನಗೇನೂ ಬೇಜಾರಿಲ್ಲ."

ಡೆಲ್ಮಾ ನಡುರಸ್ತೆಯಲ್ಲಿ ನಿಂತಳು. ನನ್ನ ಮುಖ ನೋಡಿದಳು. ಆಮೇಲೆ ವಿದ್ಯುತ್ ಕಂಬ ಹಿಡಿದುಕೊಂಡು ನಕ್ಕಳು. ಪಕ್ಕದ ಮನೆಯ ನಾಯಿ ಎದ್ದು ಬೇರೆ ಕಡೆ ಹೋಗಿ ಮಲಗಿತು.

"ಅಯ್ಯೋ ಎವೇಲಿಯೊ! ಆ ತಟ್ಟೆ ಯಾರ್ಯಾರಿಗೆ ಕೊಡ್ತಾಳೆ ಗೊತ್ತಾ ನಮ್ಮಮ್ಮ? ಪಾದ್ರಿಗೆ. ಡಾಕ್ಟರಿಗೆ. ಮೀಟರ್ ನೋಡೋಕೆ ಬಂದು ಮಳೆಗೆ ಸಿಕ್ಕಾಕ್ಕೊಂಡೋನಿಗೆ ಒಂದ್ಸಲ. ಆಮೇಲೆ ನಿನಗೆ."

"ಅಂದ್ರೆ ದೊಡ್ಡವರಿಗೆ."

"ಅಂದ್ರೆ ಹೊರಗಿನವರಿಗೆ! ಮನೆಯವರು ಅಡುಗೆಮನೇಲಿ ಉಣ್ತಾರೆ ಮಾರಾಯ. ಮದುವೆ ಆಗಿ ಇಷ್ಟು ವರ್ಷ ಆಯ್ತು, ಅಮ್ಮ ನಿನ್ನ ಒಂದು ದಿನ ಬೈದಿದ್ದಾಳಾ?"

"ಎಂದೂ ಇಲ್ಲ!" ಎಂದೆ ಹೆಮ್ಮೆಯಿಂದ.

"ಅದೇ ಹೇಳಿದ್ದು."

ನಾನು ಹುಟ್ಟಿದ್ದು ಮೇಲೆ, ಬೆಟ್ಟದ ಕಾರ್ತಾಗೊದಲ್ಲಿ. ನಮ್ಮಲ್ಲಿ ಮನುಷ್ಯನ ಬೆಲೆಯನ್ನು ಅವನ ಮುಂದಿಟ್ಟ ತಟ್ಟೆಯಲ್ಲಿ ಅಳೆಯುತ್ತಾರೆ. ಕರಾವಳಿಯಲ್ಲಿ ಅಳತೆಗೋಲೇ ಬೇರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೀಟರಿನವನ ಸಾಲಿನಲ್ಲಿ ಕುಳಿತು ಅಷ್ಟು ವರ್ಷ ಕಿರೀಟ ಸರಿಪಡಿಸಿಕೊಂಡಿದ್ದೆ.

"ಹಾಗಾದ್ರೆ ನನ್ನನ್ಯಾಕೆ ಒಳಗೆ ಕರೆಯಲ್ಲ?"

"ಅಡುಗೆಮನೇಲಿ ಬರೀ ಇಂಗ್ಲಿಷು. ಅಜ್ಜಿ ಕಾಲದ ಕಟ್ಟಳೆ ಅದು. ರೈಲು ಹಾಕೋಕೆ ಜಮೈಕಾದಿಂದ ಬಂದೋರು ಹಡಗಿನಲ್ಲಿ ತಂದಿದ್ದೇ ಅದೊಂದು. ಬೀದೀಲಿ, ಶಾಲೇಲಿ ಸ್ಪ್ಯಾನಿಷ್ ಇರ್ಲಿ, ಒಲೆ ಹತ್ರ ಮಾತ್ರ ನಮ್ಮ ಮಾತು. ನಿನಗೆ ಬರಲ್ಲ. ಅರ್ಥ ಆಗದೋನನ್ನ ನಡುವೆ ಕೂರಿಸ್ಕೊಂಡು ನಗೋದು ಪಾಪ ಅಂತಾಳೆ ಅಮ್ಮ."

ಅಂದು ರಾತ್ರಿಯೂಟ ನನಗೆ ಸೇರಲಿಲ್ಲ. ಆ ನಗು ಅಷ್ಟು ವರ್ಷ ಬಾಗಿಲಿಗೆ ಬಡಿಯುತ್ತಿದ್ದುದು ನೆನಪಾಯಿತು. ನನಗೂ ಒಂದು ಎನಾಮಲ್ ತಟ್ಟೆ ಬೇಕಿತ್ತು. ಮರುದಿನವೇ ಊರಿನ ಗ್ರಂಥಾಲಯದಲ್ಲಿ ಸಂಜೆ ನಡೆಯುವ ಇಂಗ್ಲಿಷ್ ತರಗತಿಗೆ ಸೇರಿದೆ.

ತಲೆ ನರೆತ ಮೇಲೆ ಇಂಗ್ಲಿಷ್ ಕಲಿಯುವುದೆಂದರೆ ಸುಲಭವಲ್ಲ. ಮೊದಲನೆಯದಾಗಿ ನಮ್ಮ ಸ್ಪ್ಯಾನಿಷ್ ನಾಲಿಗೆ 'ಸ'ಕಾರದ ಒತ್ತಕ್ಷರದ ಮೇಲೆ ನೇರವಾಗಿ ಕಾಲಿಡದು. ಮುಂದೊಂದು 'ಎ'ಕಾರದ ಮೆಟ್ಟಿಲು ಬೇಕು. ಎಸ್ಕೂಲು, ಎಸ್ಟ್ರೀಟು, ಎಸ್ಪೂನು. ನಮ್ಮ ಟೀಚರ್ ಗ್ರಿಸೆಲ್ಡಾ ನನ್ನ ಮಗಳ ವಯಸ್ಸಿನವಳು. ಆ ಮೆಟ್ಟಿಲನ್ನು ಒಡೆಯಲು ತಿಂಗಳುಗಟ್ಟಲೆ ಹೆಣಗಿ ಕೊನೆಗೆ, "ಇರ್ಲಿ ಬಿಡಿ ದೊನ್ ಎವೇಲಿಯೊ, ಮೆಟ್ಟಿಲಿದ್ರೆ ಹತ್ತೋಕೆ ಸುಲಭ" ಎಂದಳು.

ವ್ಯಾಕರಣ ಇನ್ನೊಂದು ರಾಮಾಯಣ. ನಮ್ಮ ಸ್ಪ್ಯಾನಿಷ್‌ನಲ್ಲಿ ಮಳೆ ತಾನಾಗಿ ಸುರಿಯುತ್ತದೆ. ಲಿಮೋನಿನಲ್ಲಂತೂ ಯಾರ ಅಪ್ಪಣೆಗೂ ಕಾಯುವುದಿಲ್ಲ. ಇಂಗ್ಲಿಷಿನಲ್ಲಿ ಮಳೆಗೂ ಒಬ್ಬ ಕರ್ತೃ ಬೇಕಂತೆ. 'ಇಟ್' ಎಂಬುದೊಂದು ಸುರಿಯುತ್ತದೆ. ಬಿಸಿಲಾದರೂ ಇಟ್, ಗಂಟೆ ಎಂಟಾದರೂ ಇಟ್.

"ಈ ಇಟ್ ಯಾರು ಟೀಚರ್?"

"ಯಾರೂ ಇಲ್ಲ."

"ಯಾರೂ ಇಲ್ಲದಿದ್ರೆ ಯಾಕೆ ಬರೀಬೇಕು?"

ಗ್ರಿಸೆಲ್ಡಾ ಸೀಮೆಸುಣ್ಣ ಕೆಳಗಿಟ್ಟಳು. "ನಿಮ್ಮ ಕಚೇರೀಲಿ ಖಾಲಿ ಕುರ್ಚಿ ಮೇಲೆ ಕೋಟು ನೇತಾಕಿ ಹೋಗ್ತಾರಲ್ಲ, ಸಾಹೇಬ್ರು ಇಲ್ಲೇ ಎಲ್ಲೋ ಇದಾರೆ ಅಂತ ತೋರಿಸೋಕೆ? ಇಟ್ ಅಂದ್ರೆ ಆ ಕೋಟು."

ಸರ್ಕಾರಿ ನೌಕರನಿಗೆ ಇದಕ್ಕಿಂತ ಸ್ಪಷ್ಟವಾಗಿ ಯಾರೂ ವ್ಯಾಕರಣ ಹೇಳಿಕೊಟ್ಟಿರಲಾರರು. ಆ ಹುಡುಗಿಗೆ ನಾನು ಇಂದಿಗೂ ಕೃತಜ್ಞ. ಸ್ಪ್ಯಾನಿಷ್‌ನಲ್ಲಿ ಹಸಿವನ್ನು 'ಇಟ್ಟುಕೊಳ್ಳುವ' ನಮಗೆ ಇಂಗ್ಲಿಷಿನಲ್ಲಿ ಹಸಿದವರೇ 'ಆಗಿರಲು' ಕಲಿಸಿದವಳು, ಪ್ರಶ್ನೆ ಕೇಳುವಾಗಲೆಲ್ಲ 'ಡು' ಎಂಬ ಕೆಲಸಗಳ್ಳನನ್ನು ಮುಂದೆ ನಿಲ್ಲಿಸಲು ಕಲಿಸಿದವಳು ಅವಳು. ಬೆಳಿಗ್ಗೆ ಗಡ್ಡ ಹೆರೆಯುವಾಗ ಕ್ರಿಯಾಪದ, ಕಚೇರಿಯಲ್ಲಿ ಮುದ್ರೆಗೊಂದು ನಾಮಪದ. ನಿದ್ದೆಯಲ್ಲಿ ಭೂತಕಾಲ ಬಡಬಡಿಸುತ್ತೇನೆಂದು ಡೆಲ್ಮಾ ದಿಂಬು ತೆಗೆದುಕೊಂಡು ಹಜಾರಕ್ಕೆ ಹೋದಳು. ಆದರೂ ಕಾರಣವನ್ನು ಅವಳಿಗೆ ಹೇಳಲಿಲ್ಲ. ಒಮ್ಮೆಗೇ ಅಡುಗೆಮನೆಯ ಬಾಗಿಲಲ್ಲಿ ಪ್ರತ್ಯಕ್ಷನಾಗಿ ಎಲ್ಲರನ್ನೂ ಬೆರಗುಗೊಳಿಸುವುದು ನನ್ನ ಯೋಜನೆಯಾಗಿತ್ತು.

ಆ ಭಾನುವಾರ ಬಂತು. ಮುಂದಿನ ಕೋಣೆಯಲ್ಲಿ ನನ್ನನ್ನು ಕೂರಿಸಿ ಡೆಲ್ಮಾ ಹೋದಳು. ನಾನು ಟೈ ಬಿಗಿದು, ಮಾವನವರಿಗೆ ಕೈಮುಗಿದು, ನಡೆದು ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ. ಎಲ್ಲರೂ ತಿರುಗಿ ನೋಡಿದರು. ನಾನು ಗಂಟಲು ಸರಿಪಡಿಸಿಕೊಂಡು ಅಚ್ಚ ಇಂಗ್ಲಿಷಿನಲ್ಲಿ ಹೇಳಿದ್ದರ ತಾತ್ಪರ್ಯ ಇಷ್ಟು:

"ಶುಭ ಮಧ್ಯಾಹ್ನ, ಮಾನ್ಯರೇ. ತಮ್ಮ ಪಾಕಶಾಲೆಯನ್ನು ಪ್ರವೇಶಿಸಿ ತಮ್ಮೆಲ್ಲರ ಸಹವಾಸದಲ್ಲಿ ಭೋಜನ ಸ್ವೀಕರಿಸಲು ಅನುಮತಿ ದಯಪಾಲಿಸಿದಲ್ಲಿ ನಾನು ತಮಗೆ ಅತ್ಯಂತ ಆಭಾರಿಯಾಗಿರುತ್ತೇನೆ."

ಒಂದು ತಪ್ಪಿಲ್ಲ. ಕಾಲ, ಲಿಂಗ, ವಚನ ಎಲ್ಲ ಇದ್ದಲ್ಲೇ ಇದ್ದವು. ಲೆಸ್ಟರ್ ಬಾಯಿಗೊಯ್ದ ಕೋಳಿಕಾಲನ್ನು ಕೆಳಗಿಟ್ಟು ಎದ್ದು ನಿಂತ. ಮಿಸ್ ಐಸಿಲ್ಡಾ ಕೈ ಒರೆಸಿಕೊಂಡರು. ಏಪ್ರನ್ ಬಿಚ್ಚಿದರು. ಕೂದಲು ಸರಿಮಾಡಿಕೊಂಡರು.

"ನಮ್ಮ ಪಾದ್ರಿಗಳೂ ಇಷ್ಟು ಚೆನ್ನಾಗಿ ಮಾತಾಡಲ್ಲ ದೊನ್ ಎವೇಲಿಯೊ" ಎಂದರು. "ಇಂಥವರು ಈ ಹೊಗೇಲಿ ನಿಲ್ಲೋದಾ? ಬನ್ನಿ, ಬನ್ನಿ."

ನನ್ನ ತೋಳು ಹಿಡಿದು ಮರಳಿ ಮುಂದಿನ ಕೋಣೆಗೆ ಕರೆದೊಯ್ದರು. ಕತ್ತಿನಲ್ಲಿದ್ದ ಬೀಗದ ಕೈ ತೆಗೆದು ಗಾಜಿನ ಬೀರು ತೆರೆದರು. ನಾನು ಅಂದಿನವರೆಗೆ ಕಂಡೇ ಇರದ ಬೆಳ್ಳಿಯ ಎಸ್ಪೂನು ಹೊರಬಂತು. ಮಡಿಸಿದ ಬಿಳಿಯ ಕರವಸ್ತ್ರ ಬಂತು. ಮೇಜಿನ ಮೇಲೆ ಹೂದಾನಿ ಬಂತು. ಮಾವನವರ ಫೋಟೋದ ಧೂಳು ಸಹ ಒರೆಸಲಾಯಿತು.

"ಇಷ್ಟು ಕಷ್ಟಪಟ್ಟು ಓದಿ ಬಿಷಪ್ ಆಗಿಬಿಟ್ಟೆಯಲ್ಲೋ!" ಮನೆಗೆ ಮರಳುವ ದಾರಿಯಲ್ಲಿ ಡೆಲ್ಮಾ ನಗುತ್ತಾ ಕಣ್ಣೊರೆಸಿಕೊಂಡಳು. ಈ ಸಲ ಕಂಬವೂ ಸಾಲದೆ ನನ್ನ ಭುಜ ಹಿಡಿದುಕೊಂಡಿದ್ದಳು. "ಆ ಇಂಗ್ಲಿಷನ್ನ ನಾವು ಮದುವೇಲಿ, ಸಾವಿನಲ್ಲಿ, ಹೊರಗಿನವರ ಹತ್ರ ಆಡೋದು. ಒಲೆ ಮುಂದೆ ಯಾರು ಆಡ್ತಾರೆ?" ಆಮೇಲೆ, "ನಮ್ಮ ಜೊತೆ ಕೂರೋಕೇ ಕಲಿತೆಯಾ? ನಿಜವಾಗ್ಲೂ?" ಎಂದಳು. ನಾನು ಹೂಂ ಎಂದೆ. ಅವಳು ಭುಜದ ಮೇಲಿನ ಕೈ ತೆಗೆಯಲಿಲ್ಲ.

ವಾರದ ನಡುವೆ ಬಂದರಿನಲ್ಲಿ ಲೆಸ್ಟರ್ ಸಿಕ್ಕಿದ. ಈಗ ಅವನೂ ನನ್ನನ್ನು ಕಂಡರೆ ಟೋಪಿ ತೆಗೆಯುತ್ತಿದ್ದ. ನಾಚಿಕೆ ಬಿಟ್ಟು ಕೇಳಿದೆ.

"ಆ ಅಡುಗೆಮನೆಗೆ ನೀನು ಮೊದಲನೇ ಸಲ ಹೆಂಗೆ ಹೋದೆ ಲೆಸ್ಟರ್? ಏನಂತ ಕೇಳಿದೆ?"

"ಕೇಳೋದಾ?" ಅವನು ತಲೆ ಕೆರೆದುಕೊಂಡ. "ಹಸಿವಾಗಿತ್ತು ಭಾವ. ಹೋಗಿ ಮಡಕೆ ಮುಚ್ಚಳ ತೆಗ್ದೆ. ಸೌಟಿನಲ್ಲಿ ಕೈಗೆ ಬಾರಿಸಿದ್ರು. ಆಮೇಲೆ ಬಡಿಸಿದ್ರು."

ಇದು ಗ್ರಿಸೆಲ್ಡಾಳ ಯಾವ ಪಾಠದಲ್ಲೂ ಇರಲಿಲ್ಲ.

ಮುಂದಿನ ಭಾನುವಾರ ನಾನು ಟೈ ಹಾಕಲಿಲ್ಲ. ಮಿಸ್ ಐಸಿಲ್ಡಾ ಪಿಂಗಾಣಿ ತಟ್ಟೆಯಲ್ಲಿ ಅನ್ನ ಬಡಿಸಿ, ಬೆಳ್ಳಿಯ ಚಮಚವಿಟ್ಟು, ಬಾಗಿ ಒಳಗೆ ಹೋದರು. ನಾನು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದೆ. ಹೋಗುವುದು, ಕೂರುವುದು, ಉಣ್ಣುವುದು; ಒಂದಕ್ಷರ ಮಾತಾಡುವುದಿಲ್ಲ ಎಂದು ನಿಶ್ಚಯಿಸಿದ್ದೆ. ಆದರೆ ವಿದ್ಯೆ ಬಿಡಬೇಕಲ್ಲ! ಹಜಾರ ದಾಟುವಷ್ಟರಲ್ಲಿ ತಲೆಯೊಳಗೆ ಒಂದು ವಾಕ್ಯ ಎದ್ದಿತು. 'ನಾನು ಇಲ್ಲಿ ಕುಳಿತುಕೊಂಡರೆ' ಎನ್ನುವುದೋ, 'ಕುಳಿತುಕೊಳ್ಳುವುದಾದರೆ' ಎನ್ನುವುದೋ? ಕ್ರಿಯಾಪದದ ಬಾಲ ಹುಡುಕುತ್ತಾ ನಡೆದವನಿಗೆ ಹೊಸ್ತಿಲ ಬಳಿ ಅತ್ತೆ ತುರಿದು ಬಿಸಾಕಿದ್ದ ತೆಂಗಿನ ಚಿಪ್ಪು ಕಾಣಲಿಲ್ಲ.

ಮೊದಲು ಚಿಪ್ಪು ಹೋಯಿತು. ಅದರ ಹಿಂದೆ ನನ್ನ ಕಾಲು ಹೋಯಿತು. ತಟ್ಟೆ ಮಾತ್ರ ನನ್ನನ್ನು ಬಿಟ್ಟು ಮೇಲಕ್ಕೆ ಹೋಗಿ, ಚಿನ್ನದ ಅಂಚನ್ನು ಒಮ್ಮೆ ಬೆಳಕಿಗೆ ಹೊಳೆಯಿಸಿ, ಒಲೆಯ ಮುಂದೆ ಚೂರುಚೂರಾಯಿತು. ಅನ್ನ ಲೆಸ್ಟರನ ತಲೆಯ ಮೇಲೆ, ಬೀನ್ಸು ಗೋಡೆಯ ಮೇಲೆ. ಬೆಳ್ಳಿಯ ಚಮಚ ನೀರಿನ ಬಕೆಟ್ಟಿಗೆ ಬಿದ್ದು 'ಟಿಂಗ್' ಎಂದಿತು.

ಅದು ಮಿಸ್ ಐಸಿಲ್ಡಾರ ತಾಯಿಯ ಮದುವೆಯ ತಟ್ಟೆ. ನಾನು ನೆಲದ ಮೇಲೆ ಕುಳಿತು ಇನ್ನು ಈ ಮನೆಯ ಗೇಟೂ ನನ್ನ ಪಾಲಿಗಿಲ್ಲ ಎಂದುಕೊಂಡೆ. ಅತ್ತೆ ಚೂರುಗಳನ್ನು ನೋಡಿದರು. ನನ್ನನ್ನು ನೋಡಿದರು. ಅವರ ಎದೆ ಒಮ್ಮೆ ಏರಿ ಇಳಿಯಿತು.

"ಏ ಎವೇಲಿಯೊ!" ಛಾವಣಿಯ ತಗಡು ನಡುಗಿತು. "ಮುಖದ ಮೇಲಿರೋದು ಕಣ್ಣಾ, ಕೋಟಿನ ಗುಂಡೀನಾ? ನಮ್ಮಮ್ಮನ ತಟ್ಟೆ ಕಣೋ ಅದು! ಭೂಕಂಪದಲ್ಲಿ ಉಳಿದಿತ್ತು, ಪ್ರವಾಹದಲ್ಲಿ ಉಳಿದಿತ್ತು, ನಿನ್ನ ಕೈಯಲ್ಲಿ ಉಳೀಲಿಲ್ಲ! ಅಷ್ಟುದ್ದ ಬೆಳೆದಿದೀಯ, ಒಂದು ತಟ್ಟೆ ಹಿಡಿಯೋಕೆ ಬರಲ್ವಾ? ಬೆಟ್ಟದಿಂದ ಇಳಿದು ಬಂದ ಆಲೂಗಡ್ಡೆ!"

ಇದೆಲ್ಲ ಅಡುಗೆಮನೆಯ ಇಂಗ್ಲಿಷಿನಲ್ಲಿ. ಅದರಲ್ಲಿ ಗ್ರಿಸೆಲ್ಡಾ ಕಲಿಸಿದ ಬಾಲಗಳಿರಲಿಲ್ಲ, ಆ ಖಾಲಿ ಕೋಟೂ ಇರಲಿಲ್ಲ. ಅರ್ಧ ಮಾತು ನನಗೆ ತಿಳಿಯಲಿಲ್ಲ, ಆಮೇಲೆ ಡೆಲ್ಮಾ ಬಿಡಿಸಿ ಹೇಳಿದಳು. ಆದರೆ ಬರಿಯ ಎವೇಲಿಯೊ ಎಂದದ್ದು ತಿಳಿಯಿತು. 'ದೊನ್' ಬಿದ್ದುಹೋಗಿತ್ತು, ತಟ್ಟೆಯ ಜೊತೆಗೆ. ನನ್ನ ಕಣ್ಣು ತುಂಬಿ ಬಂತು. ಪೆಟ್ಟು ಬಿತ್ತೆಂದು ತಿಳಿದು ಲೆಸ್ಟರ್ ಎಬ್ಬಿಸಲು ಕೈ ಚಾಚಿದ, ತಲೆಯಿಂದ ಅನ್ನ ಉದುರಿಸುತ್ತಾ.

ಅತ್ತೆ ಬಾಗಿಲ ಹಿಂದಿನಿಂದ ಪೊರಕೆ ತೆಗೆದು ನನ್ನ ಕೈಗೆ ತುರುಕಿದರು. ಬೈಯುತ್ತಲೇ ಗೂಡಿನಿಂದ ಒಂದು ಎನಾಮಲ್ ತಟ್ಟೆ ಎಳೆದು, ಅಂಗಿಯ ಅಂಚಿನಲ್ಲಿ ಒರೆಸಿ, ಮಡಕೆಯ ತಳದ ಸೀಕಲು ಅನ್ನವನ್ನು ಕೆರೆದು ಹಾಕಿ ಲೆಸ್ಟರನ ಪಕ್ಕದಲ್ಲಿ ಕುಕ್ಕಿದರು. ತಟ್ಟೆಯ ಅಂಚಿನಲ್ಲಿ ಲೇಪ ಹೋಗಿ ಒಂದು ಕಪ್ಪು ಚುಕ್ಕೆಯಿತ್ತು. ಅದರಷ್ಟು ಚೆಂದದ ಚಿತ್ತಾರವನ್ನು ನಾನು ಪಿಂಗಾಣಿಯ ಮೇಲೆ ಕಂಡಿರಲಿಲ್ಲ.

ನನಗೆ ಖಚಿತವಾಗಬೇಕಿತ್ತು. ಸುಂಕದ ಕಚೇರಿಯವನಲ್ಲವೇ, ಮುದ್ರೆ ಬೀಳದೆ ಸಮಾಧಾನವಿಲ್ಲ. ಪೊರಕೆಯನ್ನು ಎದೆಗೊತ್ತಿಕೊಂಡು, ನನ್ನ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಕೇಳಿದೆ:

"ಅಮ್ಮಾ, ಹಾಗಾದರೆ ಇನ್ನು ಮುಂದೆ ನಾನು ಈ ಮನೆಯ ಅತಿಥಿ ಅಲ್ಲವೇ?"

ಮಿಸ್ ಐಸಿಲ್ಡಾ ಒಲೆಯಿಂದ ತಲೆ ತಿರುಗಿಸಲೂ ಇಲ್ಲ.

"ಮೇಜಿನ ಕೆಳಗೂ ಗುಡಿಸು."