ಡಿಕ್ಕಿ ಹೊಡೆದ ಗೆಲಾಕ್ಸಿಗಳೂ ನಮ್ಮ ಮಂದಿಯೂ

ಆಕಾಶದ ಕೆಲಸ ಮಾಡುವವರ ಪಜೀತಿಯೆಲ್ಲ ನೆಲದ ಮೇಲೇ ಆಗುತ್ತದೆ. ಹೈದರಾಬಾದಿನಲ್ಲಿ ಸಂಶೋಧನೆ ಮಾಡಿದಷ್ಟು ವರ್ಷವೂ ನನಗದು ತಪ್ಪಲಿಲ್ಲ. ನನ್ನ ವಿಷಯ, ಒಂದಕ್ಕೊಂದು ಡಿಕ್ಕಿ ಹೊಡೆದು ಬೆರೆಯುತ್ತಿರುವ ಗೆಲಾಕ್ಸಿ ಗುಂಪುಗಳು. ಒಂದೊಂದು ಗುಂಪಿನಲ್ಲೂ ನೂರಾರು ಗೆಲಾಕ್ಸಿ. ಅವನ್ನು ಕಣ್ಣಿಗೆ ಕಾಣುವ ಬೆಳಕಿನಲ್ಲಷ್ಟೇ ನೋಡಿದರೆ ಅರ್ಧ ಸತ್ಯ. ಎಕ್ಸ್‌-ರೇಯಲ್ಲೂ ರೇಡಿಯೊ ಅಲೆಗಳಲ್ಲೂ ನೋಡಬೇಕು.

೧. ವಾಯಿದೆ

ಉಪ್ಪಲ್‌ನಲ್ಲಿ ನಮ್ಮ ಪಕ್ಕದ ಮನೆಯವರು ರಾಯಚೂರು ಕಡೆಯವರು, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಾನು ಕಾಕಾ ಅನ್ನುತ್ತಿದ್ದೆ. ಒಂದು ದಿನ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತವರು ಕೇಳಿದರು, “ಅಲ್ಲವಾ ತಂಗಿ, ದಿನಾ ಹೋಗಿ ಏನ್ ನೋಡ್ತಿ?”

“ಎರಡು ಗುಂಪು ಡಿಕ್ಕಿ ಹೊಡ್ಯಾಕತ್ತಾವ್ರಿ ಕಾಕಾ, ಅದನ್ನ.”

“ಯಾವಾಗ ಶುರುವಾತು?”

“ಕೋಟಿಗಟ್ಲೆ ವರ್ಷ ಆತ್ರಿ.”

“ಮುಗಿಯೂದು?”

“ಇನ್ನೂ ಕೋಟಿಗಟ್ಲೆ ವರ್ಷ ಬೇಕ್ರಿ.”

ಕಾಕಾ ಪೇಪರ್ ಮಡಚಿ ಗೌರವದಿಂದ ತಲೆಯಾಡಿಸಿದರು. “ಇಷ್ಟು ವಾಯಿದೆ ತಗೊಂಡಾರಂದ್ರ, ಎರಡೂ ಕಡೆ ವಕೀಲರು ಭಾಳ ಶಾಣ್ಯಾರಿರಬೇಕು ಬಿಡವಾ.”

೨. ಕಮಾನು

ಗುಂಪುಗಳು ಗುದ್ದಿಕೊಂಡಾಗ ಅವುಗಳ ಅನಿಲದಲ್ಲಿ ಆಘಾತದ ಅಲೆ ಏಳುತ್ತದೆ. ರೇಡಿಯೊ ಚಿತ್ರದಲ್ಲಿ ಅದು ಅಂಚಿನಲ್ಲಿ ಮಸುಕಾದ ಕಮಾನಿನಂತೆ ಕಾಣುತ್ತದೆ, ಅದೂ ಪುಣ್ಯವಿದ್ದರೆ. ಎರಡು ವರ್ಷ ಹುಡುಕಿದರೂ ನನಗೆ ಸಿಕ್ಕಿರಲಿಲ್ಲ. ಪಿಎಚ್.ಡಿ. ಕೈಬಿಟ್ಟು ಟೀಚರ್ ಆಗಿಬಿಡೋಣ ಅನ್ನುವಲ್ಲಿಗೆ ಬಂದಿದ್ದೆ.

ನನ್ನ ಗೈಡ್ ಗುಲ್ಬರ್ಗಾ ಕಡೆಯವರು. ಒಂದು ಬೆಳಿಗ್ಗೆ ಅವರೇ ಓಡಿಬಂದು ಕರೆದರು, “ಬಾರವಾ, ಸಿಕ್ತು!” ಹಿಂದಿನ ದಿನ ನಾನು ಅವರ ಮೇಜಿನ ಮೇಲಿಟ್ಟು ಬಂದಿದ್ದ ಚಿತ್ರದ ಅಂಚಿನಲ್ಲಿ ಕಂದು ಬಣ್ಣದ ಕಮಾನು, ತಿದ್ದಿ ಬರೆದಂತಿತ್ತು. ನನ್ನ ಕಣ್ಣು ತುಂಬಿ ಬಂದವು. “ಸರ್, ಕಂಪ್ಯೂಟರಿನಾಗ ಇದು ಕಂಡಿರಲಿಲ್ರೀ” ಅಂದೆ. “ನಿನ್ನ ಕಂಪ್ಯೂಟರ್ ಹಳೇದೈತಿ” ಅಂದರು. ಎಕ್ಸ್‌-ರೇಯಲ್ಲಿ ಅದೇ ಜಾಗದಲ್ಲಿ ಅನಿಲ ಕಾದಿದೆಯೇ ನೋಡಬೇಕು, ಕಾದಿದ್ದರೆ ಗೆದ್ದಂತೆ ಅಂತ ಮಾತಾಡುತ್ತಿದ್ದೆವು.

ಅಷ್ಟರಲ್ಲಿ ವಯಸ್ಸಾದ ಅಟೆಂಡರ್ ಚಹಾ ತಂದರು. ಕಾಗದ ನೋಡಿದರು, ನಮ್ಮಿಬ್ಬರ ಮುಖ ನೋಡಿದರು. “ಕಲ್ ರಖೇ ಸೋ ಜಗಾ ಪೇಚ್ ರಖೂಂ ಕ್ಯಾ ಸಾಬ್?” ಎಂದು ಕೇಳಿದರು. ಗ್ಲಾಸು ನಿನ್ನೆ ಇಟ್ಟ ಜಾಗದಲ್ಲೇ ಇಡಲೇ, ಎಂದು.

೩. ಸ್ಟೇಷನ್

ಅವ್ವ ದಿಲ್‌ಸುಖ್‌ನಗರದಲ್ಲಿ ಬಸ್ ಇಳಿಯುವಾಗ ಬಿದ್ದಳು. ಮೊಣಕಾಲು ಊದಿಕೊಂಡು ರಾತ್ರಿ ನಿದ್ದೆಯಿಲ್ಲ. ಡಾಕ್ಟರು ಎಕ್ಸ್‌-ರೇಯನ್ನು ಕಿಟಕಿಗೆ ಹಿಡಿದು, ಏನೂ ಆಗಿಲ್ಲ, ವಯಸ್ಸಿನ ನೋವು ಅಂದರು. ಅವ್ವ ತನ್ನ ಕನ್ನಡ ಬೆರೆತ ತೆಲುಗಿನಲ್ಲಿ ಗದರಿದಳು: ನನ್ನ ಮಗಳು ಬರೀ ಎಕ್ಸ್‌-ರೇ ನೋಡಿ ಯಾವುದನ್ನೂ ನಂಬುವುದಿಲ್ಲ, ರೇಡಿಯೊದಲ್ಲೂ ನೋಡುತ್ತಾಳೆ, ನೀವೂ ನೋಡಿ.

ಡಾಕ್ಟರು ನಕ್ಕು, “ಯಾವ ಸ್ಟೇಷನ್ ಹಚ್ಚಲಮ್ಮಾ?” ಅಂದರು.

ನನಗೆ ನಾಚಿಕೆಯಾಯಿತು. ಜೊತೆಗೆ ಆಶ್ಚರ್ಯವೂ ಆಯಿತು. ಊಟದ ಹೊತ್ತಿಗೆ ನಾನು ಹೇಳುತ್ತಿದ್ದುದನ್ನು ಅವ್ವ ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಳ್ಳುತ್ತಿದ್ದಳು ಅಂತ ಗೊತ್ತಾದದ್ದೇ ಅವತ್ತು. ಹಟ ಹಿಡಿದು ಎಂಆರ್‌ಐ ಮಾಡಿಸಿದೆ. ಮೊಣಕಾಲಿನ ಒಳಗೆ ಲಿಗಮೆಂಟ್ ಹರಿದಿತ್ತು. ಮೂಳೆಯಲ್ಲ, ಹಾಗಾಗಿ ಎಕ್ಸ್‌-ರೇಗೆ ಕಂಡಿರಲಿಲ್ಲ. ಒಂದೇ ಬೆಳಕನ್ನು ನಂಬಿದ್ದರೆ ಅವ್ವ ಕುಂಟುತ್ತಲೇ ಇರುತ್ತಿದ್ದಳು.

“ಅವ್ವಾ, ಈ ಮಷೀನು ನಡಿಯೂದು ರೇಡಿಯೊ ಅಲೆಯಿಂದಾನ” ಅಂದೆ. ಅವ್ವ ಮಂಚದ ಮೇಲೆ ಎದ್ದು ಕೂತಳು.

“ಹಂಗಾದ್ರ ಈಗಿಂದೀಗ ಹೋಗಿ ಹೇಳು ಆ ಡಾಕ್ಟರಗ, ಸ್ಟೇಷನ್ ಸಿಕ್ತು ಅಂತ.”

೪. ಮೆರವಣಿಗೆ

ಗೈಡ್ ಮಗನ ಮದುವೆ ನಾಚಾರಂ ಕಡೆಯ ಕಲ್ಯಾಣಮಂಟಪದಲ್ಲಿ. ಸಂಜೆ ಮದುಮಗನ ಮೆರವಣಿಗೆ ಹೊರಟಿತು. ಬ್ಯಾಂಡ್ ಮುಂದೆ, ಪೇಟಾ ಸುತ್ತಿದ ಗೈಡ್ ಮತ್ತು ನಾವು ಅದರ ಹಿಂದೆ, ಕೊನೆಗೆ ಹೂವಿನ ಕಾರು. ನಾಲ್ಕು ದಾರಿ ಕೂಡುವಲ್ಲಿ ಇನ್ನೊಂದು ಮದುವೆಯ ಮೆರವಣಿಗೆ ಎದುರಾಗಿ ಬಂದು ನಮ್ಮದಕ್ಕೆ ಬಡಿಯಿತು. ಎರಡೂ ಬ್ಯಾಂಡಿನವರು ನಡುವೆ ಸಿಕ್ಕಿಕೊಂಡು ಪೈಪೋಟಿಯಿಂದ ಊದತೊಡಗಿದರು.

“ಸರ್, ನಮ್ಮ ಗೆಲಾಕ್ಸಿ ಗುಂಪಿನ ಹಂಗ ಆತಲ್ರಿ!” ಎಂದು ಅವರ ಕಿವಿಯಲ್ಲಿ ಕೂಗಿದೆ.

ಅವರ ಮುಖ ಅರಳಿತು. ಡೋಲಿನ ಸದ್ದಿನಲ್ಲೇ ಪಾಠ ಶುರುವಾಯಿತು. “ಹೌದಲ್ಲ! ಅನಿಲ ಹಿಂಗ ನಡುವ ಸಿಕ್ಕೊಂಡು ಕಾಯತೈತಿ. ಎಕ್ಸ್‌-ರೇದಾಗ ಅದೇ ಝಗಝಗ ಹೊಳೀತೈತಿ. ಗೆಲಾಕ್ಸಿಗೋಳು ಮಾತ್ರ ಸಂದ್ಯಾಗ ನುಸುಳಿ ಮುಂದ ಹೋಗಿಬಿಡ್ತಾವ. ಹೊಳಿಯೂದು ನೋಡಿ ಅದರ ಬೆನ್ನ ಹತ್ತಿದವರು ಕೆಟ್ಟರು!”

ಪಾಠ ಮುಗಿಯುವಷ್ಟರಲ್ಲಿ ದಾರಿ ಬಿಟ್ಟಿತು. ಬ್ಯಾಂಡ್ ಹೊರಟಿತು. ಗೈಡ್ ಕೈ ಬೀಸಿ ಕುಣಿಯುತ್ತ ಅದರ ಹಿಂದೆ, ನಾವು ಹತ್ತು ಮಂದಿ ಅವರ ಹಿಂದೆ. ಮಂಟಪದ ಬಾಗಿಲಲ್ಲಿ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಗೈಡ್‌ಗೆ ಕುಂಕುಮ ಹಚ್ಚಿ ಗಂಧ ಪೂಸಿದರು. ಆಮೇಲೆ ಕಾರಿನ ಬಾಗಿಲು ತೆರೆಯಿತು. ನಾವು ಯಾರೂ ಕಂಡರಿಯದ ಒಬ್ಬ ದಪ್ಪ ಮೀಸೆಯ ಮದುಮಗ ಇಳಿದ.

ಅಷ್ಟರಲ್ಲಿ ಗೈಡ್ ಮೊಬೈಲ್ ಬಡಿದುಕೊಂಡಿತು. ಹೆಂಡತಿಯ ದನಿ ನಮಗೆಲ್ಲ ಕೇಳುತ್ತಿತ್ತು. “ಮಗ ಬಂದು ಅರ್ಧ ತಾಸಾತು. ನೀವೆಲ್ಲಿದ್ದೀರಿ?”

“ನಾ ಮೆರವಣಿಗಿ ಜೋಡಿನೇ ಬಂದೀನಿ.”

“ಯಾರ ಮೆರವಣಿಗಿ?”

ಗೈಡ್ ಕತ್ತೆತ್ತಿ, ಬಾಗಿಲ ಮೇಲೆ ಹೂವಿನಿಂದ ತೆಲುಗಿನಲ್ಲಿ ಬರೆದದ್ದನ್ನು ಕಣ್ಣು ಕಿರಿದು ಮಾಡಿ ನೋಡಿದರು.

“ತಡಿ” ಅಂದರು, “ಹೆಸರು ಓದಾಕತ್ತೀನಿ.”